ಹಗ್ಗ, ಹಾವು ಮತ್ತು ಹತ್ತರ ಎಣಿಕೆ

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಒಂದು ತಪ್ಪೊಪ್ಪಿಗೆಯಿಂದಲೇ ಮಾತು ಶುರು ಮಾಡುತ್ತೇನೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ರಾಕ್ ಸಂಗೀತದ ಬಗ್ಗೆ ಒಂದು ಟಿಪ್ಪಣಿ ಬರೆದಿದ್ದೆ. ಪಶ್ಚಿಮದ ಆ ವಾದ್ಯಗಾರರಿಗೆ ನಮ್ಮ ವೇದಾಂತದ ಶಬ್ದಗಳು ಊದಿನಕಡ್ಡಿ ಇದ್ದಂತೆ, ಪರಿಮಳಕ್ಕಷ್ಟೇ ಹಚ್ಚಿಡುತ್ತಿದ್ದರು ಎಂದು ಷರಾ ಎಳೆದೆ. ಉದಾಹರಣೆಗೆ ಕೊಟ್ಟದ್ದು ಮಹಾವಿಷ್ಣು ಆರ್ಕೆಸ್ಟ್ರಾದ ‘ದಿ ಡಾನ್ಸ್ ಆಫ್ ಮಾಯಾ’, ಅಂದರೆ ಮಾಯೆಯ ಕುಣಿತ. ಅದನ್ನು ನಾನು ಪೂರ್ತಿ ಕೇಳಿರಲೇ ಇಲ್ಲ. ಇವತ್ತಿನ ಮಾತು ಆ ಷರಾದ ತಿದ್ದುಪಡಿ.

ಈ ಕೃತಿ ಬಂದದ್ದು 1971ರಲ್ಲಿ, ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ ಎಂಬ ಧ್ವನಿಮುದ್ರಿಕೆಯಲ್ಲಿ. ತಂಡ ಕಟ್ಟಿದವರು ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. ಅಮೆರಿಕಕ್ಕೆ ಹೋಗಿ ಜಾಜ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿ ಹೆಸರು ಮಾಡಿದ್ದವರು. ಡ್ರಮ್ಸ್‌ನಲ್ಲಿ ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕೋಬಮ್, ಪಿಟೀಲಿನಲ್ಲಿ ಅಮೆರಿಕದ ಜೆರ್ರಿ ಗುಡ್‌ಮನ್, ಕೀಬೋರ್ಡ್‌ನಲ್ಲಿ ಪ್ರಾಗ್ ನಗರದ ಯಾನ್ ಹಮ್ಮರ್, ಬೇಸ್ ಗಿಟಾರ್‌ನಲ್ಲಿ ಐರ್ಲೆಂಡಿನ ರಿಕ್ ಲೇರ್ಡ್. ಐವರಲ್ಲಿ ಭಾರತೀಯರು ಒಬ್ಬರೂ ಇರಲಿಲ್ಲ. ಜಾಜ್‌ನವರು ಇದನ್ನು ಜಾಜ್-ರಾಕ್ ಎಂದರು, ಪ್ರೋಗ್ರೆಸಿವ್ ರಾಕ್ ಕೇಳುವವರು ತಮ್ಮದೇ ಎಂದು ಎದೆಗಪ್ಪಿಕೊಂಡರು.

ಹಾಗಾದರೆ ‘ಮಹಾವಿಷ್ಣು’ ಎಲ್ಲಿಂದ ಬಂತು? ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಬೆಳೆದು, 1964ರಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿದ ಶ್ರೀ ಚಿನ್ಮಯ್ ಅವರು ಮೆಕ್‌ಲಾಫ್ಲಿನ್‌ಗೆ ಗುರುಗಳಾಗಿದ್ದರು. ಶಿಷ್ಯನಿಗೆ ಅವರು ಕೊಟ್ಟ ಹೆಸರು ಅದು. ‘ಮಾಯೆ’ಯೂ ಆ ಸಹವಾಸದ ದಿನಗಳ ಶಬ್ದವೇ.

ಮಾಯೆ ಎಂದರೆ ನಮಗೆಲ್ಲ ಗೊತ್ತಿದೆ ಎಂದುಕೊಳ್ಳುತ್ತೇವೆ. ‘ಕಾಸು ಮಾಯವಾಯಿತು’ ಎನ್ನುತ್ತೇವೆ. ಶಂಕರರ ಅದ್ವೈತ ಪರಂಪರೆ ಹೇಳುವುದು ಇದಕ್ಕಿಂತ ನಾಜೂಕಾದ ಮಾತು. ಮಬ್ಬುಗತ್ತಲಲ್ಲಿ ಹಗ್ಗ ಬಿದ್ದಿದೆ, ಹಾವು ಕಾಣುತ್ತದೆ, ಎದೆ ನಡುಗುತ್ತದೆ. ದೀಪ ತಂದರೆ ಹಾವಿಲ್ಲ. ಹಾವು ಇತ್ತು ಎನ್ನುವಂತಿಲ್ಲ, ಇರಲೇ ಇಲ್ಲ ಎನ್ನುವಂತೆಯೂ ಇಲ್ಲ, ಏಕೆಂದರೆ ಎದೆ ನಡುಗಿದ್ದು ನಿಜ. ಮಾಯೆಯ ಕೆಲಸ ಎರಡು: ಇದ್ದದ್ದನ್ನು ಮುಚ್ಚುವುದು ಆವರಣ, ಇಲ್ಲದ್ದನ್ನು ತೋರಿಸುವುದು ವಿಕ್ಷೇಪ.

ಈಗ ಸಂಗೀತಕ್ಕೆ ಬರೋಣ. ನನ್ನ ಟಿಪ್ಪಣಿ ಓದಿದ ಗೆಳೆಯನೊಬ್ಬ, ಮೃದಂಗ ಕಲಿಯುತ್ತಿರುವವನು, ನನ್ನನ್ನು ಕೂರಿಸಿಕೊಂಡು ಏಳು ನಿಮಿಷದ ಈ ಕೃತಿಯನ್ನು ಕೇಳಿಸಿದ. ‘ಮೊದಲು ಎಣಿಸು, ಆಮೇಲೆ ಬರಿ ಮಾರಾಯಾ’ ಎಂದ.

ಆರಂಭದಲ್ಲಿ ಗಿಟಾರ್ ಒಂದೇ. ಒಂದೊಂದೇ ತಂತಿ ಬಿಡಿಸಿ ಮೀಟುವ, ಕಿವಿಗೆ ಒರಟೆನಿಸುವ ಸ್ವರಗುಚ್ಛಗಳು. ನಿಧಾನ ಗತಿ. ತಾಳ ಎಲ್ಲಿ ಬೀಳುತ್ತದೆಂದು ತಿಳಿಯದೆ ಮನಸ್ಸು ತಡಕಾಡುತ್ತದೆ. ಗೆಳೆಯ ಬೆರಳು ಮಡಿಸಿ ತೋರಿಸಿದ: ಒಂದು ಆವರ್ತಕ್ಕೆ ಹತ್ತು ಎಣಿಕೆ.

ಆಮೇಲೆ ಎಲ್ಲವೂ ಬದಲಾಗುತ್ತದೆ. ಅಮೆರಿಕದ ಕರಿಯರ ಬ್ಲೂಸ್ ಸಂಗೀತದ ತುಂಟ ನಡಿಗೆ ಕಾಣಿಸಿಕೊಳ್ಳುತ್ತದೆ. ಕಾಲು ತಾನಾಗಿ ಕುಣಿಯುತ್ತದೆ. ಆದರೆ ಸಾಮಾನ್ಯ ಬ್ಲೂಸ್ ಎಂದು ನಂಬಿ ಕಾಲು ತಟ್ಟಿದಿರೋ, ಪ್ರತಿ ಸುತ್ತಿಗೂ ಹೆಜ್ಜೆ ಎಡವುತ್ತದೆ. ಇಲ್ಲಿ ಎಣಿಕೆ ಇಪ್ಪತ್ತು. ಮೊದಲ ಭಾಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಎರಡು ಬೇರೆ ಕೃತಿಗಳನ್ನು ಅಂಟಿಸಿದ್ದಾರೆ ಎಂದೇ ನಾನು ತಿಳಿದೆ.

ಕೊನೆಗೆ ಬರುವುದೇ ದೀಪ. ಬ್ಲೂಸ್ ನಡೆಯುತ್ತಿರುವಾಗಲೇ ಅದರ ಮೇಲೆ ಮೊದಲಿನ ಒರಟು ಸ್ವರಗಳು ಬಂದು ಕೂರುತ್ತವೆ. ಯಾವುದೂ ಯಾವುದಕ್ಕೂ ಜಾಗ ಬಿಟ್ಟುಕೊಡುವುದಿಲ್ಲ, ಆದರೂ ಎರಡೂ ಹೊಂದುತ್ತವೆ. ಹತ್ತರ ಲೆಕ್ಕ ಇಪ್ಪತ್ತರ ಲೆಕ್ಕದೊಳಗೆ ಮೊದಲಿನಿಂದಲೂ ಇತ್ತು, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೇ. ಮೊದಲ ಭಾಗ ಮುಚ್ಚಿತು, ಎರಡನೆಯದು ಬೇರೇನನ್ನೋ ತೋರಿಸಿತು, ಮೂರನೆಯದು ಎರಡೂ ಒಂದೇ ಎಂದಿತು. ಒಂದು ಪದವೂ ಇಲ್ಲದ ವಾದ್ಯಸಂಗೀತ ಹಗ್ಗ-ಹಾವಿನ ಕಥೆಯನ್ನು ಕಾಲಿಗೆ ಕಲಿಸಿಬಿಟ್ಟಿತ್ತು. ಹೆಸರನ್ನು ಅಳಿಸಿಹಾಕಿದರೂ ಈ ಲೆಕ್ಕ ನಿಲ್ಲುತ್ತದೆ. ನನ್ನ ಊದಿನಕಡ್ಡಿಯ ಷರಾ ಬಿದ್ದುಹೋದದ್ದು ಅಲ್ಲಿಯೇ.

ಇನ್ನೊಂದು ಮಾತು. ಶೀರ್ಷಿಕೆಯಲ್ಲಿರುವುದು ಬರೀ ಮಾಯೆಯಲ್ಲ, ಮಾಯೆಯ ಕುಣಿತ. ಇದು ಕನ್ನಡಿಗರಿಗೆ ಹೊಸ ಕಲ್ಪನೆಯೇನಲ್ಲ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆ ಬನವಾಸಿಯ ರಾಜಕುಮಾರಿ. ಮಧುಕೇಶ್ವರನ ಗುಡಿಯಲ್ಲಿ ಅವಳು ಕುಣಿಯುವಾಗ ಮದ್ದಳೆ ಬಾರಿಸುವವನು ಅಲ್ಲಮ. ಅವಳು ಅವನಿಗೆ ಸೋಲುತ್ತಾಳೆ, ಅವನು ಸಿಗುವುದಿಲ್ಲ. ಈ ಕಾವ್ಯಕ್ಕೂ ಆ ಧ್ವನಿಮುದ್ರಿಕೆಗೂ ಯಾವ ಕೊಂಡಿಯೂ ಇಲ್ಲ. ಆದರೆ ಮಾಯೆಯನ್ನು ಕುಣಿತವಾಗಿಯೂ, ಅವಳಿಗೆ ಮೋಸಹೋಗದವನನ್ನು ತಾಳ ಬಲ್ಲವನಾಗಿಯೂ ಕಂಡ ಕವಿಯೊಬ್ಬ ನಮ್ಮಲ್ಲಿದ್ದ ಎಂಬುದು, ಈ ಕೃತಿಯನ್ನು ಕೇಳುವಾಗ ನೆನಪಾಗದೆ ಇರದು.

ಆ ಮೊದಲ ತಂಡ 1973ರ ಕೊನೆಗೆ ಜಗಳದಲ್ಲಿ ಒಡೆಯಿತು. ಮೆಕ್‌ಲಾಫ್ಲಿನ್ ಮುಂದೆ ಗುರುವಿನ ಬಳಗವನ್ನೂ ತೊರೆದರು. ಆದರೆ ಕಲಿಕೆಯನ್ನು ಬಿಡಲಿಲ್ಲ. ಅಮೆರಿಕದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತರು. ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿನಾಯಕರಾಮ್ ಅವರೊಡನೆ ‘ಶಕ್ತಿ’ ತಂಡ ಕಟ್ಟಿದರು. ಮರುಜೀವ ಪಡೆದ ಅದೇ ‘ಶಕ್ತಿ’ಗೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಶಬ್ದವನ್ನು ಪರಿಮಳಕ್ಕೆ ಮಾತ್ರ ಹಚ್ಚಿದವರು ಅರ್ಧ ಶತಮಾನ ಆ ದಾರಿಯಲ್ಲಿ ನಡೆಯುವುದಿಲ್ಲ.

ಶಬ್ದ ನಮ್ಮದು ಎಂಬ ಹಮ್ಮಿನಲ್ಲಿ ನಾನು ಕಿವಿ ಮುಚ್ಚಿಕೊಂಡಿದ್ದೆ. ನೋಡಿ, ಅದೂ ಒಂದು ಆವರಣವೇ. ಮನೆಗೆ ಹೋದ ಮೇಲೆ ದಯವಿಟ್ಟು ಒಮ್ಮೆ ಕೇಳಿ. ಹತ್ತರ ತನಕ ಎಣಿಸಿ. ತಪ್ಪಿದರೆ ಬೇಸರ ಬೇಡ, ಮತ್ತೆ ಒಂದರಿಂದ ಶುರು ಮಾಡಿ. ನಾನೂ ಹಾಗೆಯೇ ಕಲಿತದ್ದು.