ಮಾಸ್ತರರಿಗೆ ಊರು ಕಲಿಸುವುದು

(ಸಂಘದ ರಾತ್ರಿ ತರಗತಿಗೆ ಹೊಸದಾಗಿ ಬಂದ ಮಾಸ್ತರರನ್ನು ಸ್ವಾಗತಿಸಲು ಪುಣೆಯಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಏಳನೆಯ ತರಗತಿಯವರೆಗೆ ಓದಿ, ಗ್ಲಾಸು ತೊಳೆಯುವುದರಿಂದ ಹಿಡಿದು ಸಪ್ಲಾಯರ್ ಕೆಲಸದವರೆಗೆ ಮಾಡಿ, ಆಮೇಲೆ ಸಂಘದ ಕೆಲಸಕ್ಕೆ ಬಂದವರು. ಆದುದರಿಂದ ನಮ್ಮ ಮಾತಿನಲ್ಲಿ ಅಲಂಕಾರವನ್ನು ಯಾರೂ ನಿರೀಕ್ಷಿಸಬಾರದು. ಮಾಸ್ತರರ ಕೊರಳಿಗೆ ಹಾರ ಬಿದ್ದಾಯಿತು. ಇನ್ನು ಅವರು ಈ ಊರಿನಲ್ಲಿ ದಿನ ಕಳೆಯುವುದು ಹೇಗೆಂಬುದನ್ನು ಮಾತನಾಡಬೇಕು.

ಹಿಂದಿನ ಮಾಸ್ತರರು ಎಂಟು ತಿಂಗಳಿಗೆ ಊರಿಗೆ ಮರಳಿದರು. ಸಂಬಳ ಸಾಲದೆ ಹೋದರೆಂದು ಕೆಲವರು ಆಡಿಕೊಂಡರು. ಅದು ಸುಳ್ಳು. ಅವರನ್ನು ಓಡಿಸಿದ್ದು ಒಂದು ಕಬ್ಬಿಣದ ಗೇಟು. ನಮ್ಮ ಹೋಟೆಲುಗಳ ಬಾಗಿಲು ಮುಚ್ಚಿ, ಮೇಜು ಒರೆಸಿ, ಹುಡುಗರು ಕೈಕಾಲು ತೊಳೆದು ಬರುವಾಗ ರಾತ್ರಿ ಹತ್ತೂವರೆ. ಪಾಠ ಮುಗಿಯುವಾಗ ಹನ್ನೆರಡು. ಮನೆಯೊಡೆಯರು ಹನ್ನೊಂದಕ್ಕೇ ಗೇಟಿಗೆ ಬೀಗ ಜಡಿಯುತ್ತಿದ್ದರು. ಬೆಳಿಗ್ಗೆ ಆರಕ್ಕೆ ನಳದಲ್ಲಿ ನೀರು ಬಂದು ಏಳಕ್ಕೆ ನಿಲ್ಲುತ್ತಿತ್ತು, ಏಳದಿದ್ದವನಿಗೆ ಸ್ನಾನವಿಲ್ಲ. ಸಾಮಾನು ತರೋಣವೆಂದು ಮಧ್ಯಾಹ್ನ ಪೇಟೆಗೆ ಇಳಿದರೆ, ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಪುಣೆಯ ವ್ಯಾಪಾರಿಗಳ ಮಧ್ಯಾಹ್ನದ ನಿದ್ದೆಯ ಕೀರ್ತಿ ತಮಗೆಲ್ಲ ಗೊತ್ತೇ ಇದೆ. ಹೀಗೆ ಅವರು ಎದ್ದಾಗ ಊರು ಮಲಗಿರುತ್ತಿತ್ತು, ಅವರು ಮಲಗಿದಾಗ ಊರು ಎದ್ದಿರುತ್ತಿತ್ತು. ಮೂರು ಕೋಣೆ ಬದಲಾಯಿಸಿದರು. ಕಡೆಗೆ ಟ್ರಂಕು ಕಟ್ಟಿದರು.

ಅವರೊಂದಿಗೆ ತರಗತಿಯೂ ಹೋಯಿತು ಎಂಬುದೇ ದುಃಖದ ಸಂಗತಿ. 2006ರಿಂದ ಹೋಟೆಲಿನಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಕೂಡದೆಂದು ಆಯಿತು. 2016ರಲ್ಲಿ ಆ ಕಾನೂನು ಇನ್ನೂ ಬಿಗಿಯಾಯಿತು. ಒಳ್ಳೆಯದೇ ಆಯಿತು. ಆದರೆ ಹದಿನಾರು ಹದಿನೇಳರ ಹುಡುಗರು ಎಂಟನೆಯದನ್ನೋ ಒಂಬತ್ತನೆಯದನ್ನೋ ಅರ್ಧಕ್ಕೆ ಬಿಟ್ಟು ಈಗಲೂ ಬಸ್ಸು ಹತ್ತಿ ಬರುತ್ತಾರೆ. ಮಹಾರಾಷ್ಟ್ರ ಬೋರ್ಡಿನಲ್ಲಿ 17ನೆಯ ನಂಬರಿನ ಫಾರ್ಮು ಎಂಬುದೊಂದಿದೆ. ಶಾಲೆ ಬಿಟ್ಟವನು ಅದನ್ನು ತುಂಬಿ ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕೂರಬಹುದು. ಆ ಬೋರ್ಡಿನಲ್ಲಿ ಕನ್ನಡ ಮಾಧ್ಯಮವೂ ಉಂಟು. ಐ.ಟಿ.ಐ.ಯ ಹೆಚ್ಚಿನ ಕಸುಬುಗಳಿಗೆ ಹತ್ತನೆಯದು ಬೇಕೇ ಬೇಕು. ಫಾರ್ಮು ತುಂಬಿ ಹಣ ಕಟ್ಟಿದ್ದ ಹುಡುಗರಲ್ಲಿ ಮಾಸ್ತರರಿಲ್ಲದೆ ಪರೀಕ್ಷೆಗೆ ಕೂತವರು ಇಬ್ಬರೇ. ಮಿಕ್ಕವರು ಇಂದಿಗೂ ಟ್ರೇ ಹಿಡಿದಿದ್ದಾರೆ. ಕೆಲವರು ಈ ಸಭೆಯಲ್ಲೇ ಕುಳಿತಿದ್ದಾರೆ.

ದುಡಿಯುವವರು ರಾತ್ರಿ ಓದುವುದು ಈ ಊರಿಗೆ ಹೊಸದೇನಲ್ಲ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿಯವರು 1855ರಲ್ಲೇ ಇಲ್ಲಿ ಕೂಲಿಕಾರರಿಗೂ ರೈತರಿಗೂ ರಾತ್ರಿ ಶಾಲೆ ತೆರೆದಿದ್ದರು. ಅವರು ಇದೇ ಊರಿನವರು, ಇಲ್ಲಿಯ ಭಾಷೆಯವರು. ಅಂಥವರಿಗೇ ಹಾದಿಯಲ್ಲಿ ಜನ ಕಲ್ಲು ಸಗಣಿ ಎಸೆದರು. ನಮ್ಮ ಮಾಸ್ತರರಿಗೆ ಸದ್ಯ ಬೀಗ ಒಂದೇ ಅಡ್ಡಿ.

ಈಗ ಇಂಗ್ಲಿಷ್ ಕಲಿಸಲೆಂದು ಬೇರೆ ದೇಶಗಳಿಂದ ಬ್ಯಾಂಕಾಕಿನಂಥ ಪಟ್ಟಣಗಳಿಗೆ ಹೋಗಿ ನೆಲೆಸುವವರು ಎಷ್ಟೋ ಜನ. ಅವರಿಗೆ ವೀಸಾ ಬೇಕು, ಕೆಲಸದ ಪರವಾನಗಿ ಬೇಕು. ಹಾವೇರಿಯಿಂದ ಪುಣೆಗೆ ಬರಲು ಒಂದು ರಾತ್ರಿಯ ಬಸ್ಸು ಸಾಕು, ಪರವಾನಗಿ ಬೇಡ. ಆದರೆ ಮನೆಯೊಡೆಯರ ಪ್ರಶ್ನೆಗಳು ಅಲ್ಲಿಗಿಂತ ಇಲ್ಲಿ ಕಡಿಮೆಯೆಂದು ನಾವು ನಂಬುವುದಿಲ್ಲ. ಮದುವೆ ಆಗಿದೆಯೇ? ಮೀನು ಮಾಂಸ ತಿನ್ನುತ್ತೀರಾ? ಹನ್ನೊಂದು ತಿಂಗಳ ಕರಾರು, ಡಿಪಾಜಿಟ್ಟು, ದಲಾಲಿ, ಪೋಲೀಸು ಠಾಣೆಗೆ ಬಾಡಿಗೆದಾರನ ಮಾಹಿತಿ. ಹನ್ನೊಂದು ತಿಂಗಳು ಮುಗಿದೊಡನೆ ಮೊದಲಿನಿಂದ ಮತ್ತೆ ಶುರು.

ಮಾಸ್ತರರೇ, ಇನ್ನು ತಮಗೆ ಕೆಲವು ಮಾತು. ತರಗತಿಯ ಹುಡುಗನನ್ನು ಎಲ್ಲಿರುತ್ತೀ ಎಂದು ಕೇಳಿದರೆ ಶನಿವಾರದಲ್ಲಿ ಎನ್ನುತ್ತಾನೆ. ಕೆಲಸ ಎಲ್ಲಿ ಎಂದರೆ ಸೋಮವಾರದಲ್ಲಿ ಎನ್ನುತ್ತಾನೆ. ಅದು ಚೇಷ್ಟೆಯಲ್ಲ. ಈ ಊರಿನಲ್ಲಿ ವಾರದ ಏಳು ದಿನಗಳ ಹೆಸರಿನಲ್ಲೂ ಒಂದೊಂದು ಪೇಠೆ ಇದೆ. ಬುಧವಾರ ಪೇಠೆಗೆ ರವಿವಾರ ಹೋಗುವುದು, ರವಿವಾರ ಪೇಠೆಗೆ ಬುಧವಾರ ಹೋಗುವುದು ನಮಗೆ ರೂಢಿಯಾಗಿಬಿಟ್ಟಿದೆ.

ಮರಾಠಿಯಲ್ಲಿ 'ರಾಗ ಆಲಾ ಕಾ' ಎಂದು ಯಾರಾದರೂ ಕೇಳಿದರೆ ಹಾಡಲು ಹೊರಡಬೇಡಿ. ಸಿಟ್ಟು ಬಂತೇ ಎಂದು ಕೇಳುತ್ತಿದ್ದಾರೆ. ಅರವತ್ತರ ಮನೆಯೊಡತಿಯನ್ನು ತಾವು 'ತಾಯಿ' ಎಂದು ಕರೆದರೆ ಅವರ ಕಿವಿಗೆ ಅಕ್ಕ ಎಂದು ಕೇಳಿಸುತ್ತದೆ. ಬಾಡಿಗೆದಾರನಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅವರ ಉಪ್ಪೀಟು ನಮ್ಮ ಉಪ್ಪಿಟ್ಟೇ, ಹೆಸರು ಕನ್ನಡದಿಂದ ಹೋದದ್ದು. ಅವರ ಭಾಕರಿ ತಮ್ಮ ಜೋಳದ ರೊಟ್ಟಿಯೇ. ಗಂಜಿ ಉಂಡು ಬೆಳೆದ ನಮ್ಮಂಥ ಕರಾವಳಿಯವರಿಗೆ ಅದನ್ನು ಅಗಿಯಲು ಆರು ತಿಂಗಳು ಹಿಡಿಯಿತು. ಆಮಟಿಗೆ ಬೆಲ್ಲ ಹಾಕುತ್ತಾರೆ. ಅದಕ್ಕೆ ನಾವೇನೂ ಮಾಡುವಂತಿಲ್ಲ.

ಮರಾಠಿಯನ್ನು ಹುಡುಗರು ಮೇಜಿನ ಪಕ್ಕದಲ್ಲಿ ನಿಂತೇ ಕಲಿತವರು. ಅದರಲ್ಲಿ ಅವರು ತಮಗಿಂತ ಮುಂದಿದ್ದಾರೆ. ಕೇಳಲು ಸಂಕೋಚ ಬೇಡ. ಕನ್ನಡದಲ್ಲೂ ತಾವು ಸ್ವಲ್ಪ ಕಿವಿ ತೆರೆದಿರಬೇಕು. ಕುಂದಾಪುರದವನು 'ಬತ್ತೆ' ಎನ್ನುತ್ತಾನೆ, ಕಲಬುರಗಿಯವನು 'ಬರ್ತಿನ್ರೀ' ಎನ್ನುತ್ತಾನೆ. ಮನೆಯಲ್ಲಿ ತುಳು ಆಡುವವನು ಇಬ್ಬರನ್ನೂ ನೋಡಿ ನಗುತ್ತಾನೆ. ಹಿಂದೊಮ್ಮೆ ಒಬ್ಬ ಹುಡುಗ ತನ್ನ ಮಾತಿಗೆ ನಕ್ಕರೆಂದು ತರಗತಿಯನ್ನೇ ಬಿಟ್ಟ. ಪುಸ್ತಕದ ಕನ್ನಡ ಪರೀಕ್ಷೆಗೆ ಸಾಕು. ಬಾಯಿ ಬಿಡಲು ಅವನವನ ಕನ್ನಡವೇ ಇರಲಿ ಎಂದು ನಮ್ಮ ವಿನಂತಿ.

ನೆಲ ಬಿಟ್ಟು ಬಂದು ಕಲಿಸಿದ ದೊಡ್ಡವರೂ ನಮ್ಮಲ್ಲಿ ಆಗಿಹೋದರು. ವಿ. ಕೃ. ಗೋಕಾಕರು 1930ರ ದಶಕದಲ್ಲಿ ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಅದೇ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿದ ದ. ರಾ. ಬೇಂದ್ರೆಯವರು ಒಂದು ಕವಿತೆಯ ಸಲುವಾಗಿ ಜೈಲು ಕಂಡು, ಅನಂತರ ಬಹಳ ವರ್ಷ ನೆಲೆಯಾದ ಕೆಲಸವಿಲ್ಲದೆ ಅಲೆದರು. ಕಡೆಗೆ 1944ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರಿಗೆ ಕನ್ನಡ ಕಲಿಸುವ ಕೆಲಸ ಕೊಟ್ಟಿತು. ಮರಾಠಿ, ತೆಲುಗು, ಕನ್ನಡ ಬೆರೆತ ಗಿರಣಿಗಳ ಊರದು. ಅಲ್ಲಿ 1956ರವರೆಗೆ ಇದ್ದರು. ಬೇಂದ್ರೆಯವರ ಮನೆಮಾತು ಮರಾಠಿ, ಬರೆದದ್ದು ಕನ್ನಡ. ಅಂಥವರಿಗೆ ಎರಡೂ ಮನೆಯೇ ಎಂದು ತಾವು ಹೇಳಬಹುದು. ಇರಬಹುದು. ಆದರೆ ಒಬ್ಬ ಕನ್ನಡ ಮಾಸ್ತರನು ಹನ್ನೆರಡು ವರ್ಷ ಒಂದು ಪರ ಊರಿನಲ್ಲಿ ನಿಲ್ಲಬೇಕಾದರೆ ಪದ್ಯ ಬಲ್ಲವರು ಮಾತ್ರ ಸಾಲದು, ಬಾಡಿಗೆಗೆ ಮನೆ ಕೊಡುವವರೂ ಬೇಕು.

ಈಗ ಏರ್ಪಾಡಿನ ವಿಷಯ. ಕಸಬಾ ಪೇಠೆಯಲ್ಲಿ ಕೋಣೆ ಗೊತ್ತಾಗಿದೆ. ಕರಾರು ಸಂಘದ ಹೆಸರಿನಲ್ಲಿದೆ. ಹನ್ನೊಂದು ತಿಂಗಳಾದ ಮೇಲೆ ಓಡಾಡುವವರು ನಾವು, ಮಾಸ್ತರರಲ್ಲ. ಪಾಠ ಎಷ್ಟು ಹೊತ್ತಿನವರೆಗೆ ನಡೆಯುತ್ತದೆಂದು ಮನೆಯೊಡೆಯರಿಗೆ ಮೊದಲೇ ಹೇಳಿ ಗೇಟಿನ ಒಂದು ಕೀಲಿಕೈ ಪಡೆದಿದ್ದೇವೆ. ಮೊದಲ ಪಾಳಿಗೆ ಹೋಗುವ ಗಿರಣಿ ಬಂಧುಗಳಿಬ್ಬರು ಅದೇ ವಠಾರದಲ್ಲಿದ್ದಾರೆ. ಬೆಳಿಗ್ಗೆ ಎರಡು ಕೊಡ ನೀರು ಅವರು ತುಂಬಿಸಿಡುತ್ತಾರೆ. ಊಟಕ್ಕೆ ತಿಂಗಳ ಲೆಕ್ಕದಲ್ಲಿ ಹೋಟೆಲು ಗೊತ್ತಾಗಿದೆ; ಹಣ ಕೊಟ್ಟೇ ಉಣ್ಣುತ್ತೇನೆಂದು ಮಾಸ್ತರರು ಹಟ ಹಿಡಿದಿದ್ದಾರೆ, ಅದು ಅವರ ಮರ್ಯಾದೆಯ ಮಾತು, ಯಾರೂ ಎಳೆದಾಡಬೇಡಿ.

ಒಂದು ಸೈಕಲ್ಲು, ಒಂದು ಸೊಳ್ಳೆ ಪರದೆ, ಡಿಸೆಂಬರಿನ ಚಳಿಗೆ ಒಂದು ದಪ್ಪ ಕಂಬಳಿ ಇನ್ನೂ ಬೇಕಾಗಿವೆ. ಇದ್ದವರು ಇಲ್ಲಿಂದ ಏಳುವ ಮೊದಲು ಹೆಸರು ಬರೆಸಿರಿ. ತರಗತಿ ಸೋಮವಾರದಿಂದ, ಹತ್ತೂವರೆಗೆ. ವಾರವೇ ಸೋಮವಾರ, ಪೇಠೆಯಲ್ಲ.