ಮನೆಯ ರೂಟರ್ ಡಬ್ಬಿಗೂ ತಪಾಸಣೆ ಏಕೆ?

(ಗ್ರಾಮ ಪಂಚಾಯತಿ ಭವನದಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಗೊಬ್ಬರದ ವಿಚಾರವನ್ನಾಗಲಿ ಬೀಜದ ವಿಚಾರವನ್ನಾಗಲಿ ಹೇಳಲು ಬಂದವನಲ್ಲ. ಆದರೂ ಮಾತನ್ನು ಒಂದು ಕಳೆಯಿಂದಲೇ ಆರಂಭಿಸುತ್ತೇನೆ. ಬದುಗಳ ಮೇಲೆ, ರಸ್ತೆಯ ಅಂಚಿನಲ್ಲಿ, ಬಿಳಿಯ ಸಣ್ಣ ಹೂ ಬಿಟ್ಟು ನಿಂತಿರುವ ಕಾಂಗ್ರೆಸ್ ಗಿಡವನ್ನು ತಾವೆಲ್ಲರೂ ಬಲ್ಲಿರಿ. ಅದು ನಮ್ಮ ನೆಲದ್ದಲ್ಲ; ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪರದೇಶದ ಗೋಧಿಯ ಜೊತೆ ಅದರ ಬೀಜ ಬಂದು, ಪುಣೆಯ ಕಡೆಯಿಂದ ಹರಡಿತೆಂದು ಹೇಳುತ್ತಾರೆ. ಗೋಧಿಯನ್ನು ತಿಂದದ್ದಾಯಿತು, ಕಳೆಯನ್ನು ಇಂದಿಗೂ ಕೀಳುತ್ತಿದ್ದೇವೆ. ಪರದೇಶದ ಬೀಜ, ಸಸಿಗಳು ಬಂದಿಳಿಯುವಾಗಲೇ ತಪಾಸಣೆಯಾಗಬೇಕೆಂಬ ಕಾನೂನು ಇರುವುದು ಇಂತಹ ಕಾರಣಕ್ಕೇ. ಈಗ ಹಲವು ದೇಶಗಳ ಸರ್ಕಾರಗಳು ಅದೇ ಬಗೆಯ ಕಾವಲನ್ನು ಮನೆಯ ಇಂಟರ್ನೆಟ್ ರೂಟರಿಗೂ ಇಟ್ಟಿವೆ. ಪರದೇಶದ ಡಬ್ಬಿಗಳ ಮೇಲೆ ನಿರ್ಬಂಧವಂತೆ, ನಮ್ಮ ಮನೆಯದನ್ನೂ ಕಿತ್ತುಕೊಂಡು ಹೋಗುತ್ತಾರೆಯೇ ಎಂದು ಹಲವರು ನನ್ನನ್ನು ಕೇಳಿದರು. ಅದಕ್ಕಾಗಿ ಈ ಮಾತು.

ಹೊಲಕ್ಕೆ ಕಾಲುವೆಯ ತೂಬು ಹೇಗೋ ಮನೆಗೆ ಈ ಡಬ್ಬಿ ಹಾಗೆ. ಮಕ್ಕಳ ಪಾಠ, ಪಹಣಿ, ಡೇರಿಯ ಹಾಲಿನ ಹಣದ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರ ಮೂಲಕವೇ ಹಾಯುತ್ತವೆ. ತೂಬನ್ನು ಹಿಡಿದವನು ನೀರನ್ನು ತನಗೆ ಬೇಕಾದ ಗದ್ದೆಗೆ ತಿರುಗಿಸಬಲ್ಲ. ಅದೂ ಅಲ್ಲದೆ, ಈ ಡಬ್ಬಿಯೇ ಒಂದು ಪುಟ್ಟ ಕಂಪ್ಯೂಟರು. ಹಗಲೂ ರಾತ್ರಿ ದುಡಿಯುತ್ತದೆ. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಳಹೊಕ್ಕ ಕಳ್ಳನು ನಿಮ್ಮಿಂದ ಕದಿಯಲೇಬೇಕೆಂದೇನೂ ಇಲ್ಲ. ನಿಮ್ಮ ಹಿತ್ತಿಲಲ್ಲಿ ಅಡಗಿ ಬೇರೆಯವರ ಮನೆಗೆ ಕನ್ನ ಹಾಕುತ್ತಾನೆ; ಹೆಜ್ಜೆಯ ಗುರುತು ಮಾತ್ರ ನಿಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇದು ಕಟ್ಟುಕಥೆಯಲ್ಲ. 2018ರಲ್ಲಿ 54 ದೇಶಗಳಲ್ಲಿ ಸುಮಾರು 5 ಲಕ್ಷ ಡಬ್ಬಿಗಳಿಗೆ ಒಂದು ದುಷ್ಟ ಪ್ರೋಗ್ರಾಮು ಹೊಕ್ಕಿತ್ತು. ಎಲ್ಲರೂ ರೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿರೆಂದು ಅಮೆರಿಕದ ಎಫ್‌ಬಿಐ ಪೊಲೀಸರೇ ಜನರನ್ನು ಕೇಳಿಕೊಂಡರು. ಮುಂದೆ 2024ರ ಜನವರಿಯಲ್ಲಿ ಆ ಸರ್ಕಾರ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಚೀನಾ ಸರ್ಕಾರದ ಬೆಂಬಲವಿದೆಯೆಂದು ಅದು ಹೇಳುವ ಒಂದು ತಂಡ, ಅಮೆರಿಕದ ಮನೆ ಮತ್ತು ಸಣ್ಣ ಕಚೇರಿಗಳ ನೂರಾರು ರೂಟರುಗಳಲ್ಲಿ ಅಡಗಿತ್ತು; ಕೋರ್ಟಿನ ಅನುಮತಿ ಪಡೆದು ಅದನ್ನು ತೆಗೆದುಹಾಕಲಾಯಿತು. ಆ ಡಬ್ಬಿಗಳಲ್ಲಿ ಬಹುಪಾಲು ಯಾವ ದೇಶದ ಕಂಪನಿಗಳವು, ಬಲ್ಲಿರಾ? ಸಿಸ್ಕೊ, ನೆಟ್‌ಗಿಯರ್, ಎರಡೂ ಅಮೆರಿಕದವೇ! ಹಳೆಯವಾಗಿದ್ದುದರಿಂದ ಕಂಪನಿಯವರು ಅವುಗಳಿಗೆ ದುರಸ್ತಿಯ ಅಪ್‌ಡೇಟ್ ಕಳುಹಿಸುವುದನ್ನು ನಿಲ್ಲಿಸಿದ್ದರು. ಈ ಒಂದು ಮಾತನ್ನು ದಯವಿಟ್ಟು ನೆನಪಿಡಬೇಕು.

ಇನ್ನು ನಿರ್ಬಂಧಗಳ ವಿಚಾರ. ಅಮೆರಿಕದ ಸಂಪರ್ಕ ಆಯೋಗವು ಹುವಾವೇ, ಜಡ್‌ಟಿಇ ಎಂಬ ಚೀನಾ ಕಂಪನಿಗಳ ಹೊಸ ಉಪಕರಣಗಳಿಗೆ ಅನುಮತಿ ಕೊಡಬಾರದೆಂದು 2022ರ ನವೆಂಬರಿನಲ್ಲಿ ತೀರ್ಮಾನಿಸಿತು. ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. ಎಲ್ಲ ಡಬ್ಬಿಗಳಿಗೂ ಸುಲಭವಾಗಿ ಊಹಿಸಬಹುದಾದ ಒಂದೇ ಗುಪ್ತಪದ ಹಾಕಿ ಮಾರಕೂಡದು, ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಹೇಳಲೇಬೇಕು ಎಂಬ ಕಾನೂನನ್ನು 2024ರ ಏಪ್ರಿಲ್ 29ರಿಂದ ಜಾರಿಗೆ ತಂದರು. ಡಬ್ಬಿ ಯಾವ ದೇಶದ್ದೇ ಆಗಲಿ, ಕಾನೂನು ಒಂದೇ. ನನಗೇನೋ ಈ ಎರಡನೆಯದೇ ಹೆಚ್ಚು ಸರಿಯೆಂದು ತೋರುತ್ತದೆ. ಎತ್ತು ಯಾವ ಜಾತ್ರೆಯದೆಂದು ಕೇಳುವುದರ ಜೊತೆಗೆ ಹಲ್ಲು, ಕಾಲು, ಸುಳಿಗಳನ್ನೂ ನೋಡಬೇಕಲ್ಲವೇ?

ನಮ್ಮ ದೇಶದಲ್ಲಿ ಎರಡೂ ಬಗೆಗಳಿವೆ. ದೂರಸಂಪರ್ಕ ಕಂಪನಿಗಳು ನಂಬಿಕೆಗೆ ಅರ್ಹವೆಂದು ಗೊತ್ತುಮಾಡಿದ ಮೂಲಗಳಿಂದಲೇ ಹೊಸ ಉಪಕರಣಗಳನ್ನು ತಂದು ಜಾಲಕ್ಕೆ ಜೋಡಿಸಬೇಕೆಂದು ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ತೀರ್ಮಾನಿಸಿ, 2021ರ ಜೂನ್ 15ರಿಂದ ಜಾರಿಗೆ ತಂದಿತು. ಈ ಕಟ್ಟಳೆ ಕಂಪನಿಗಳಿಗೆ, ನಿಮಗಲ್ಲ. ಅವರು ಮೊದಲೇ ಹಾಕಿದ್ದ ಹಳೆಯ ಉಪಕರಣಗಳನ್ನು ಕೀಳಬೇಕೆಂದು ಸಹ ಅದು ಹೇಳಲಿಲ್ಲ. ಆದ್ದರಿಂದ ಯಾರೂ ಹೆದರಬೇಕಾಗಿಲ್ಲ. ಎರಡನೆಯದು, ಮಾರುವ ಮೊದಲು ಪರೀಕ್ಷೆ. ಇದು 2017ರ ನಿಯಮದಿಂದ ಆರಂಭವಾಯಿತು. ಇದರಲ್ಲಿ ಸುರಕ್ಷತೆಯ ಪರೀಕ್ಷೆಯ ಹೊಣೆ ಹೊತ್ತ ರಾಷ್ಟ್ರೀಯ ಸಂಪರ್ಕ ಸುರಕ್ಷತಾ ಕೇಂದ್ರವು ನಮ್ಮ ಬೆಂಗಳೂರಿನಲ್ಲೇ ಇದೆ. ಮನೆಯ ವೈಫೈ ಡಬ್ಬಿಯೂ ಅದರ ಪಟ್ಟಿಯಲ್ಲಿ ಸೇರಿದೆ. ಗುಪ್ತಪದ ಗಟ್ಟಿಯಾಗಿದೆಯೇ, ಬೇಡದ ಬಾಗಿಲುಗಳು ತೆರೆದಿವೆಯೇ, ಅಪ್‌ಡೇಟ್ ನಿಜವಾಗಿಯೂ ತಯಾರಕನಿಂದಲೇ ಬಂದಿದೆಯೇ ಎಂಬುದನ್ನೆಲ್ಲ ಒರೆಗೆ ಹಚ್ಚುತ್ತಾರೆ. ತಯಾರಕರು ಸಿದ್ಧರಿಲ್ಲವೆಂದು ಇದರ ಗಡುವು ಹಲವು ಸಲ ಮುಂದಕ್ಕೆ ಹೋದದ್ದೂ ಉಂಟು.

"ಸ್ವದೇಶಿ ಡಬ್ಬಿ ಕೊಂಡರೆ ಸಾಕಲ್ಲವೇ?" ಎಂದು ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮುಚ್ಚಳಕ್ಕೆ ಇಲ್ಲಿ ಸ್ಕ್ರೂ ಹಾಕಿದ ಮಾತ್ರಕ್ಕೆ ಒಳಗಿನ ಚಿಪ್ಪು ಇಲ್ಲಿನದಾಗುವುದಿಲ್ಲ. ಅದು ಹೆಚ್ಚಾಗಿ ಪರದೇಶದ್ದೇ. ನಿರ್ಬಂಧಕ್ಕೆ ಬೆಲೆಯೂ ಉಂಟು. ಅಗ್ಗದ ಡಬ್ಬಿ ಅಂಗಡಿಯಿಂದ ಮಾಯವಾದರೆ ಹೆಚ್ಚಿನ ಹಣ ತೆರುವವನು ಹಾಲು ಹಾಕಿ ಬದುಕುವವನೇ. ಕಾನೂನು ಮಾಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನನ್ನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ, ನಗಬೇಡಿ. ಫೈಬರ್ ತಂತಿ ಎಳೆಯಲು ಬಂದ ಹುಡುಗ ಒಂದು ಗುಪ್ತಪದ ಹಾಕಿಹೋದ. ಎರಡು ವರ್ಷ ನಾನು ಅದನ್ನು ಮುಟ್ಟಲಿಲ್ಲ. ಡಿಪ್ಲೊಮಾ ಓದುವ ನನ್ನ ಅಣ್ಣನ ಮಗಳು ರಜೆಗೆ ಬಂದಾಗ ನೋಡಿದರೆ, ನಮ್ಮ ಬೀದಿಯ ಹನ್ನೊಂದು ಮನೆಗಳಿಗೂ ಒಂದೇ ಗುಪ್ತಪದ! ಪಕ್ಕದ ಮನೆಯವರಿಗಂತೂ ಬ್ಯಾಂಕಿನ ಪುಟ ತೆರೆದಾಗಲೆಲ್ಲ ಫೋನು ಎಚ್ಚರಿಕೆ ತೋರಿಸುತ್ತಿತ್ತಂತೆ. ಇಂಗ್ಲಿಷಿನಲ್ಲಿದ್ದ ಅದನ್ನು ಪಾಪ, ಅವರು ದಾಟಿಹೋಗಲು ಹೊರಟಿದ್ದರು. ಹುಡುಗಿ ಅವರ ಡಬ್ಬಿಯನ್ನು ತೆರೆದು ನೋಡಿದಳು. ಯಾರೋ ವಿಳಾಸದ ಸೆಟ್ಟಿಂಗನ್ನೇ ಬದಲಿಸಿ, ಬ್ಯಾಂಕಿಗೆ ಹೋಗುವ ದಾರಿಯನ್ನು ಬೇರೆಡೆಗೆ ತಿರುಗಿಸಿದ್ದರು. ಎರಡು ಎಮ್ಮೆ ಮಾರಿದ ಹಣ ಆ ಖಾತೆಯಲ್ಲಿತ್ತು. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ!

ವೈಫೈಗೆ ಸೇರುವ ಗುಪ್ತಪದ ಬೇರೆ, ಡಬ್ಬಿಯ ಒಳಗನ್ನು ತೆರೆಯುವ ಗುಪ್ತಪದ ಬೇರೆ. ಎರಡನ್ನೂ ಬದಲಿಸಬೇಕು. ಜನ ಮರೆಯುವುದು ಒಳಗಿನದನ್ನು. ದೂರದಿಂದ ಡಬ್ಬಿಯನ್ನು ನಡೆಸುವ ಸೌಲಭ್ಯ ತೆರೆದಿದ್ದರೆ, ತಂತಿ ಹಾಕಿದವರನ್ನು ಕೇಳಿ ಮುಚ್ಚಿಸಿರಿ. ಹೊಸದನ್ನು ಕೊಳ್ಳುವಾಗ ಬೆಲೆಯ ಜೊತೆಗೆ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಅಂಗಡಿಯವರನ್ನು ಕೇಳಿರಿ, ಬಿಲ್ಲು ಪಡೆಯಿರಿ. ಹಳೆಯ ಡಬ್ಬಿಗೆ ಅಪ್‌ಡೇಟ್ ನಿಂತಿದ್ದರೆ, ದೀಪ ಉರಿಯುತ್ತಿದ್ದರೂ ಅದರ ಕಾಲ ಮುಗಿಯಿತೆಂದೇ ತಿಳಿಯತಕ್ಕದ್ದು. ಅಕಸ್ಮಾತ್ ಹಣ ಹೋದರೆ, ಊರ ಮುಂದೆ ಅವಮಾನವೆಂದು ಸುಮ್ಮನಿರದೆ ಕೂಡಲೇ 1930ಕ್ಕೆ ಫೋನು ಮಾಡಿರಿ.

ಬರುವ ಸಂತೆಯ ದಿನ ಬೆಳಿಗ್ಗೆ ಹತ್ತು ಗಂಟೆಯಿಂದ ನನ್ನ ಅಣ್ಣನ ಮಗಳು ಇದೇ ಭವನದಲ್ಲಿ ಕುಳಿತಿರುತ್ತಾಳೆ. ಡಬ್ಬಿಯನ್ನು ಬಿಚ್ಚಿ ತರಬೇಕಾಗಿಲ್ಲ. ಅದರ ಅಡಿಯಲ್ಲಿ ಅಂಟಿಸಿದ ಚೀಟಿಯ ಫೋಟೋ ತೆಗೆದು ತಂದರೆ ಸಾಕು. ತೆಗೆಯುವಾಗ ಗುಪ್ತಪದದ ಮೇಲೆ ಬೆರಳಿಟ್ಟುಕೊಳ್ಳಿ.