ಕಣ್ಣೊಳಗಿನ ಲೆನ್ಸಿನ ಲೆಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಗಣಿತಕ್ಕೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ನಾನು. ಈಗ ಬೆಂಗಳೂರಿನ ಜಯನಗರದಲ್ಲಿ, ಪೊರೆ ಆಪರೇಷನ್‌ಗೆ ಮುಂಚೆ ಕಣ್ಣು ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕುವುದೇ ನನ್ನ ಅನ್ನ. ಮೇಷ್ಟ್ರು ನಗುತ್ತಿದ್ದಾರೆ, ನಗಲಿ.

ಹಿರಿಯರಿಗೆ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳು ನೆನಪಿರಬಹುದು. ಆ ಕಾಲದಲ್ಲಿ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಪವರ್ ತಪ್ಪಿದರೆ ಕನ್ನಡಕ ಬದಲಿಸಿದರಾಯಿತು. ಕಣ್ಣೊಳಗೆ ಕೂರಿಸಿದ ಲೆನ್ಸನ್ನು ಅಷ್ಟು ಸುಲಭವಾಗಿ ಬದಲಿಸಲಾಗದು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಲೆನ್ಸ್ ಇಟ್ಟಾಗ ಅದರ ಪವರ್ ವಿಪರೀತ ಹೆಚ್ಚಾಗಿ, ಆ ರೋಗಿಗೆ ಭಾರಿ ಮೈನಸ್ ಬಂದಿತ್ತು.

1980ರ ಸುಮಾರಿಗೆ ಬಂದ ಎಸ್‌ಆರ್‌ಕೆ ಸೂತ್ರ ನಮ್ಮ ಹೈಸ್ಕೂಲು ಲೆಕ್ಕದಷ್ಟೇ ಸರಳ. ಲೆನ್ಸಿಗೊಂದು ಸಂಖ್ಯೆ ಇರುತ್ತದೆ, 118.4 ಎನ್ನಿ. ಅದರಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟು, ಕಾರ್ನಿಯಾದ ಪವರಿನ 0.9 ಪಟ್ಟು ಕಳೆಯಿರಿ. ಉದ್ದ 23.5 ಮಿಲಿಮೀಟರ್, ಕಾರ್ನಿಯಾ 44 ಆದರೆ ಲೆನ್ಸ್ 20. ಅದೇ ಉದ್ದವನ್ನು 22.9 ಎಂದು ಬರೆದುಕೊಂಡರೆ ಲೆನ್ಸ್ 21.5.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇದೇ ತಪ್ಪು ಮಾಡಿದೆ. 4ನೇ ಬ್ಲಾಕಿನಲ್ಲಿ ಹೂ ಮಾರುವ ಅಜ್ಜಿ. ಆಗ ಎ-ಸ್ಕ್ಯಾನಿನ ಕಡ್ಡಿಯನ್ನು ಕಣ್ಣಿಗೆ ತಾಗಿಸಿ ಅಳೆಯುತ್ತಿದ್ದೆವು. ಕಡ್ಡಿ ನೇರ ಇರಲಿಲ್ಲ, ಕೈಯೂ ಒತ್ತಿತು, ಕಣ್ಣು ಗಿಡ್ಡ ಎಂದು ಯಂತ್ರ ತೋರಿಸಿತು. ಆಪರೇಷನ್ ಆದ ಮೇಲೆ ಅಜ್ಜಿ, "ಹೂ ಕಟ್ಟೋಕೆ ಚೆನ್ನಾಗಿ ಕಾಣ್ತದೆ ಕಣಪ್ಪ, ಬಸ್ಸಿನ ನಂಬರೇ ಕಾಣಲ್ಲ" ಅಂದರು. ಬೈಯಲಿಲ್ಲ. ಡಾಕ್ಟರ ಕೈ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನದು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಕಣ್ಣು ಮುಟ್ಟದೆ ಬೆಳಕಿನಿಂದಲೇ ಅಳೆಯುತ್ತೇವೆ. ಬ್ಯಾರೆಟ್‌ನಂಥ ಹೊಸ ಸೂತ್ರಗಳು ಲೆನ್ಸ್ ಕಣ್ಣೊಳಗೆ ಎಷ್ಟು ಆಳದಲ್ಲಿ ಕೂರುತ್ತದೆಂದೂ ಅಂದಾಜು ಮಾಡುತ್ತವೆ. ಆದರೆ ಪೊರೆ ತೀರಾ ಬಲಿತರೆ ಬೆಳಕು ದಾಟದು, ಮತ್ತೆ ಕಡ್ಡಿಯೇ ಗತಿ. ಹಾಗಾಗಿ "ಪೂರ್ತಿ ಹಣ್ಣಾಗಲಿ" ಎಂದು ಊರಿನಲ್ಲಿ ಯಾರೂ ಕಾಯಬೇಡಿ. ಒಂದೇ ಕಣ್ಣಿಗೆ ಆಪರೇಷನ್ ಇದ್ದರೂ ಎರಡನ್ನೂ ಅಳೆಸಿ. ಉದ್ದದಲ್ಲಿ 0.3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಾವು ಮತ್ತೊಮ್ಮೆ ಅಳೆಯುತ್ತೇವೆ. ಬಿಟಿಎಂ, ಜೆ.ಪಿ. ನಗರದಲ್ಲಿ ಕೆಲಸಕ್ಕಿರುವ ನಿಮ್ಮ ಮಕ್ಕಳು ಮೈನಸ್ ಕನ್ನಡಕ ಬಿಡಲು ಲೇಸರ್ ಮಾಡಿಸಿದ್ದರೆ, ಹಳೆಯ ರಿಪೋರ್ಟು ಜೋಪಾನವಾಗಿಡಲಿ. ಮುಂದೆ ಪೊರೆ ಬಂದಾಗ ಸಾಮಾನ್ಯ ಸೂತ್ರ ಅವರಿಗೆ ಕಮ್ಮಿ ಪವರಿನ ಲೆನ್ಸ್ ತೋರಿಸಿಬಿಡುತ್ತದೆ.

ಅಜ್ಜಿಯ ಎರಡನೇ ಕಣ್ಣನ್ನು ಐದು ಸಲ ಅಳೆದೆ. ಆಪರೇಷನ್ ಆಗಿ ಕೆಲವು ವಾರಕ್ಕೆ ಅವರ ಅಂಗಡಿಗೇ ಹೋದೆ. ದೂರದಲ್ಲಿ ಬರುತ್ತಿದ್ದ ಬನಶಂಕರಿ ಬಸ್ಸಿನ ನಂಬರು ಓದಿ ಹೇಳಿದರು, ಎರಡು ಮೊಳ ಮಲ್ಲಿಗೆ ಅಳೆದುಕೊಟ್ಟರು, ದುಡ್ಡನ್ನು ಮಾತ್ರ ಬಿಡದೆ ಇಸಕೊಂಡರು.